ಗಾಲ್ಫ್: ನಿಮ್ಮ ಆಟಕ್ಕೊಪ್ಪುವ ಪಟರ್ ಆಯ್ಕೆ ಹೇಗೆ?

ಮೈಸೂರು: ಮೈಸೂರಿನಿಂದ ನಂಜನಗೂಡು ಮಾರ್ಗವಾಗಿ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ದರ್ಶನಕ್ಕೆ ಹೊರಟವರಿಗೆ ನಗರ ದಾಟುವಾಗ ಎಡಗಡೆ ಚಾಮುಂಡಿ ಬೆಟ್ಟ ಕಾಣುತ್ತದೆ. ಆ ಬೆಟ್ಟದ ತಪ್ಪಲಿನಲ್ಲಿ ಕುದುರೆ ಪಂದ್ಯದ ಮೈದಾನವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ಪರಿಸರದಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನ ಹಸಿರು ಮೈದಾನವೂ ಇದೆ ಎಂಬುದು ಅನೇಕರಿಗೆ ತಿಳಿಯದು. ಮಹಿಳೆಯರ ಯುರೋಪಿಯನ್ ಟೂರ್‌ನಲ್ಲಿ ಆಡುವ ಮೈಸೂರಿನ ಪ್ರಣವಿ ಅರಸ್ ಅವರಂತಹ ಆಟಗಾರ್ತಿಯರಿಂದಾಗಿ ಈ ನಗರದ ಹೆಸರು ಇಂದು ಗಾಲ್ಫ್ ವಲಯದಲ್ಲಿ ಕೇಳಿಬರುತ್ತಿದೆ.

ಕರ್ನಾಟಕಕ್ಕೆ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಬೆಂಗಳೂರಿನ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಸಂಸ್ಥೆ, ಬಿಡದಿ ಸಮೀಪದ ಈಗಲ್‌ಟನ್, ಕೊಡಗು ಹಾಗೂ ಚಿಕ್ಕಮಗಳೂರಿನ ಮೈದಾನಗಳು ಆಟವನ್ನು ಇನ್ನಷ್ಟು ಜನರ ಬಳಿಗೆ ತಂದಿವೆ. ಹೊಸದಾಗಿ ಆಡಲು ತೊಡಗಿದವರು ದೊಡ್ಡ ಮೊತ್ತ ತೆತ್ತು ದೂರ ಹೊಡೆಯುವ ಡ್ರೈವರ್ ಕೊಳ್ಳುತ್ತಾರೆ. ಆದರೆ ಪ್ರತಿ ಕುಳಿಯಲ್ಲೂ ಕೈಗೆ ಬರುವ ಪಟರ್ ವಿಷಯದಲ್ಲಿ ಮಾತ್ರ ಅಂಗಡಿಯವನು ಕೊಟ್ಟದ್ದನ್ನು ಒಪ್ಪಿಕೊಳ್ಳುತ್ತಾರೆ. ಇದು ಸರಿಯಲ್ಲ. ಕಾರಣ ಲೆಕ್ಕದಲ್ಲೇ ಇದೆ.

ಅರ್ಧ ಆಟ ಪಟರ್‌ನದೇ

ಗಾಲ್ಫ್‌ನಲ್ಲಿ ಪ್ರತಿ ಕುಳಿಗೂ ‘ಪಾರ್’ ನಿಗದಿಪಡಿಸುವಾಗ ಗ್ರೀನ್ ಮೇಲೆ ಎರಡು ಪಟ್‌ಗಳಿಗೆ ಅವಕಾಶ ಇಟ್ಟಿರುತ್ತಾರೆ. 18 ಕುಳಿಗಳಿಗೆ ಇದು 36 ಹೊಡೆತಗಳಾಗುತ್ತದೆ. ಪಾರ್ 72ರ ಮೈದಾನದಲ್ಲಿ ಇದು ಸರಿಯಾಗಿ ಅರ್ಧ. ಡ್ರೈವರ್ ಒಂದು ಸುತ್ತಿನಲ್ಲಿ ಹೆಚ್ಚೆಂದರೆ 14 ಬಾರಿ ಬಳಕೆಯಾದೀತು.

ಒಂದು ಪಟ್‌ನ ಬೆಲೆ ಏನೆಂಬುದನ್ನು ಬೆಂಗಳೂರಿನ ಅದಿತಿ ಅಶೋಕ್ ಅವರಷ್ಟು ಬಲ್ಲವರು ಕಡಿಮೆ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕು ಸುತ್ತುಗಳನ್ನು 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯ ಸ್ಥಾನ ಪಡೆದರು. ಬೆಳ್ಳಿ ಮತ್ತು ಕಂಚಿಗಾಗಿ ಹೆಚ್ಚುವರಿ ಕುಳಿ ಆಡಿದ ಇಬ್ಬರು ಆಟಗಾರ್ತಿಯರ ಮೊತ್ತ 268. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ ಅವರದು 267. ಕೊನೆಯ ಕುಳಿಯಲ್ಲಿ ಅದಿತಿ ಅವರ ದೀರ್ಘ ಪಟ್ ಕುಳಿಗೆ ಬಿದ್ದಿದ್ದರೆ ಅವರೂ ಪದಕದ ಹೋರಾಟದಲ್ಲಿ ಇರುತ್ತಿದ್ದರು. ಅವರು ಅಷ್ಟು ದೂರ ತಲುಪಿದ್ದೂ ಪಟರ್ ಬಲದಿಂದಲೇ ಎಂಬುದನ್ನು ಮರೆಯುವಂತಿಲ್ಲ. ಟೀಯಿಂದ ಹೊಡೆದ ಚೆಂಡಿನ ದೂರದಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದಿದ್ದ ಅವರು ಆ ಕೊರತೆಯನ್ನು ಗ್ರೀನ್ ಮೇಲೆ ತುಂಬಿಕೊಂಡಿದ್ದರು.

ಒಂದು ಡಿಗ್ರಿಯ ವ್ಯತ್ಯಾಸ

ಕುಳಿಯ ವ್ಯಾಸ 108 ಮಿಲಿಮೀಟರ್. ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್ ಇರಬೇಕೆಂಬುದು ನಿಯಮ. ಪಟ್ ಮಾಡುವಾಗ ಚೆಂಡು ಯಾವ ದಿಕ್ಕಿನಲ್ಲಿ ಹೊರಡುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಪಟರ್‌ನ ಮುಖ ಯಾವ ಕಡೆ ತಿರುಗಿದೆ ಎಂಬುದು. ಕೈ ಬೀಸುವ ಹಾದಿಯ ಪಾತ್ರ ಅದಕ್ಕಿಂತ ಬಹಳ ಕಡಿಮೆ.

ಮುಖ ಕೇವಲ ಒಂದು ಡಿಗ್ರಿ ತಿರುಗಿದರೆ 3 ಮೀಟರ್ ದೂರದಲ್ಲಿ ಚೆಂಡು ಗುರಿಯಿಂದ ಸುಮಾರು 5.2 ಸೆಂಟಿಮೀಟರ್ ಸರಿಯುತ್ತದೆ. ಕುಳಿಯ ಮಧ್ಯದಿಂದ ಅಂಚಿಗೆ ಇರುವ ಅಂತರ 5.4 ಸೆಂಟಿಮೀಟರ್. ಅಂದರೆ ಚೆಂಡು ಅಂಚನ್ನು ಸವರಿ ಹೊರಹೋಗುವ ಸಾಧ್ಯತೆಯೇ ಹೆಚ್ಚು. 6 ಮೀಟರ್ ದೂರದಿಂದಾದರೆ ಅದೇ ಒಂದು ಡಿಗ್ರಿಗೆ ಚೆಂಡು 10 ಸೆಂಟಿಮೀಟರ್‌ಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಆಗ ಕುಳಿಯ ಮಾತೇ ಇಲ್ಲ. ಆದುದರಿಂದ ‘ಯಾವ ಪಟರ್ ಒಳ್ಳೆಯದು’ ಎಂಬ ಪ್ರಶ್ನೆಯ ನಿಜವಾದ ಅರ್ಥ ‘ಯಾವ ಪಟರ್‌ನ ಮುಖವನ್ನು ನಾನು ಮತ್ತೆ ಮತ್ತೆ ಗುರಿಯತ್ತ ನೇರವಾಗಿ ತರಬಲ್ಲೆ’ ಎಂಬುದೇ ಆಗಿದೆ.

ತಲೆಯ ಆಕಾರ: ಬ್ಲೇಡ್ ಮತ್ತು ಮ್ಯಾಲೆಟ್

ಪಟರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ತೆಳ್ಳಗೆ, ಉದ್ದಕ್ಕೆ ಇರುವುದು ಬ್ಲೇಡ್. ಹಿಂಬದಿಗೆ ಅಗಲವಾಗಿ ಚಾಚಿಕೊಂಡಿರುವುದು ಮ್ಯಾಲೆಟ್.

ಇಂದಿನ ಬಹುತೇಕ ಬ್ಲೇಡ್‌ಗಳಿಗೆ ಮೂಲಪುರುಷ ಪಿಂಗ್ ಕಂಪನಿಯ ‘ಆನ್ಸರ್’. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ಇದನ್ನು 1966ರಲ್ಲಿ ರೂಪಿಸಿದರು. ತೂಕವನ್ನು ಮಧ್ಯದಿಂದ ತೆಗೆದು ಎರಡೂ ತುದಿಗಳಿಗೆ ಹಂಚಿದ್ದು ಅವರ ಮುಖ್ಯ ಸುಧಾರಣೆ. ಹೀಗೆ ಮಾಡಿದಾಗ ಚೆಂಡು ಮುಖದ ನಟ್ಟನಡುವೆ ತಾಗದೆ ಸ್ವಲ್ಪ ಆಚೀಚೆ ತಾಗಿದರೂ ತಲೆ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ತಿರುಚಿಕೊಳ್ಳುವುದು ಕಡಿಮೆಯಾದರೆ ದಿಕ್ಕೂ ಉಳಿಯುತ್ತದೆ, ವೇಗವೂ ಉಳಿಯುತ್ತದೆ.

ಮ್ಯಾಲೆಟ್‌ನಲ್ಲಿ ಇದೇ ತತ್ತ್ವವನ್ನು ಮುಂದುವರಿಸಿ ತೂಕವನ್ನು ಹಿಂಬದಿಗೂ ಒಯ್ಯಲಾಗುತ್ತದೆ. ಅದರ ಅಗಲವಾದ ಬೆನ್ನಿನ ಮೇಲೆ ಉದ್ದನೆಯ ಗೆರೆಗಳನ್ನೋ ಚೆಂಡಿನ ಗಾತ್ರದ ವೃತ್ತಗಳನ್ನೋ ಬರೆದು ಗುರಿ ಹಿಡಿಯಲು ಅನುಕೂಲ ಮಾಡಿಕೊಡಬಹುದು. ಮುಖದ ಮಧ್ಯಭಾಗಕ್ಕೇ ಪ್ರತಿ ಸಲ ತಾಗಿಸಲು ಕಷ್ಟಪಡುವವರಿಗೆ ಹಾಗೂ ಗುರಿ ಹಿಡಿಯುವುದರಲ್ಲೇ ಎಡವುವವರಿಗೆ ಮ್ಯಾಲೆಟ್ ಅನುಕೂಲ. ಕೈಗೆ ತಾಗಿದ ಅನುಭವ ಸ್ಪಷ್ಟವಾಗಿ ತಿಳಿಯಬೇಕು, ಸರಳ ಆಕಾರ ಕಣ್ಣಿಗೆ ಹಿತವೆನಿಸಬೇಕು ಎನ್ನುವವರು ಬ್ಲೇಡ್ ಮೆಚ್ಚುತ್ತಾರೆ.

ಮ್ಯಾಲೆಟ್ ಹೊಸಬರ ಸಾಧನ ಎಂಬ ಹಳೆಯ ಅಭಿಪ್ರಾಯವನ್ನು ಈಗ ಕೈಬಿಡಬೇಕು. ವಿಶ್ವದ ಅಗ್ರಶ್ರೇಯಾಂಕದ ಸ್ಕಾಟಿ ಶೆಫ್ಲರ್ ಪಟಿಂಗ್‌ನಲ್ಲಿ ತೊಂದರೆ ಅನುಭವಿಸುತ್ತಿದ್ದಾಗ 2024ರ ಮಾರ್ಚ್‌ನಲ್ಲಿ ಬ್ಲೇಡ್ ಬಿಟ್ಟು ಟೇಲರ್‌ಮೇಡ್ ಸ್ಪೈಡರ್ ಮ್ಯಾಲೆಟ್ ಹಿಡಿದರು. ಅದೇ ವಾರ ಆರ್ನಾಲ್ಡ್ ಪಾಮರ್ ಟೂರ್ನಿ ಗೆದ್ದರು. ಮುಂದಿನ ತಿಂಗಳು ಮಾಸ್ಟರ್ಸ್ ಪ್ರಶಸ್ತಿಯೂ ಅವರ ಪಾಲಾಯಿತು. ಸಾಧನ ಬದಲಿಸಿದ ಮಾತ್ರಕ್ಕೆ ಎಲ್ಲರಿಗೂ ಇಂಥ ಫಲ ಸಿಗದು. ಆದರೆ ದೋಷವನ್ನು ಗುರುತಿಸಿ ಬದಲಿಸಿದರೆ ಫಲವುಂಟು ಎಂಬುದಕ್ಕೆ ಇದು ನಿದರ್ಶನ.

ಬೆರಳ ಮೇಲಿನ ಪರೀಕ್ಷೆ

ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಅತ್ಯಂತ ಸರಳ. ಪಟರ್‌ನ ದಂಡವನ್ನು ಅಡ್ಡಲಾಗಿ ಒಂದು ಬೆರಳ ಮೇಲೆ ತೂಗಿಸಿ. ಮುಖ ಆಕಾಶ ನೋಡುತ್ತ ನಿಂತರೆ ಅದು ಮುಖ ಸಮತೋಲದ ಪಟರ್. ತಲೆಯ ಹೊರತುದಿ ನೆಲದ ಕಡೆ ಜೋತುಬಿದ್ದರೆ ಅದು ತುದಿ ಜೋಲುವ ಪಟರ್. ಎಷ್ಟು ಜೋಲುತ್ತದೆ ಎಂಬುದು ದಂಡವನ್ನು ತಲೆಗೆ ಜೋಡಿಸಿರುವ ರೀತಿಯನ್ನು ಅವಲಂಬಿಸಿದೆ.

ಈಗ ನಿಮ್ಮ ಬೀಸನ್ನು ಗಮನಿಸಿ. ಎದುರಿನಿಂದಲ್ಲ, ಗುರಿಯ ಗೆರೆಯ ಹಿಂದೆ ನಿಂತು ಮೊಬೈಲ್‌ನಲ್ಲಿ ಚಿತ್ರೀಕರಿಸಿದರೆ ಸಾಕು. ಪಟರ್ ಹಿಂದಕ್ಕೆ ಹೋಗುವಾಗ ಒಳಕ್ಕೆ ಬಾಗಿ, ಚೆಂಡಿಗೆ ತಾಗಿ, ಮತ್ತೆ ಒಳಕ್ಕೆ ಬರುತ್ತಿದ್ದರೆ ನಿಮ್ಮದು ಕಮಾನಿನ ಬೀಸು. ಬಹುತೇಕ ನೇರವಾಗಿ ಹಿಂದೆ ಮುಂದೆ ಚಲಿಸಿದರೆ ಅದು ನೇರ ಬೀಸು. ಕಮಾನಿನ ಬೀಸಿನವರಿಗೆ ತುದಿ ಜೋಲುವ ಪಟರ್, ನೇರ ಬೀಸಿನವರಿಗೆ ಮುಖ ಸಮತೋಲದ ಪಟರ್ ಎಂಬುದು ಸಾಮಾನ್ಯ ಸೂತ್ರ. ಇದು ಆರಂಭದ ಹೆಜ್ಜೆಯೇ ಹೊರತು ಕೊನೆಯ ತೀರ್ಪಲ್ಲ. ಸೂತ್ರಕ್ಕೆ ವಿರುದ್ಧವಾದ ಪಟರ್‌ನಲ್ಲಿ ಚೆನ್ನಾಗಿ ಆಡುವವರೂ ಇದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ‘ಶೂನ್ಯ ತಿರುಚು’ ಎಂದು ಕರೆಯಬಹುದಾದ ಮೂರನೆಯ ಬಗೆ ಬಂದಿದೆ. ಬೀಸುವಾಗ ಮುಖ ತಾನಾಗಿಯೇ ತೆರೆದುಕೊಳ್ಳುವ ಅಥವಾ ಮುಚ್ಚಿಕೊಳ್ಳುವ ಪ್ರವೃತ್ತಿಯನ್ನು ತೂಕದ ಹಂಚಿಕೆಯಿಂದ ತೆಗೆದುಹಾಕುವುದು ಇದರ ಉದ್ದೇಶ. 2025ರ ಅಮೆರಿಕನ್ ಓಪನ್‌ನ ಕೊನೆಯ ಕುಳಿಯಲ್ಲಿ 64 ಅಡಿಗೂ ಹೆಚ್ಚು ದೂರದ ಪಟ್ ಹಾಕಿ ಗೆದ್ದ ಜೆ.ಜೆ. ಸ್ಪಾನ್ ಬಳಸಿದ್ದು ಇಂಥದೇ ಪಟರ್. ಆ ಬಳಿಕ ಇದರ ಬೇಡಿಕೆ ಹೆಚ್ಚಿತು. ಆಕಾರ ವಿಚಿತ್ರವಾಗಿಯೂ ಬೆಲೆ ದುಬಾರಿಯಾಗಿಯೂ ಇರುವುದರಿಂದ ಪ್ರಯತ್ನಿಸಿ ನೋಡದೆ ಕೊಳ್ಳುವುದು ವಿವೇಕವಲ್ಲ.

ಉದ್ದ: ಅತಿ ಮುಖ್ಯ, ಅತಿ ನಿರ್ಲಕ್ಷಿತ

ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಪಟರ್‌ಗಳ ಉದ್ದ 33ರಿಂದ 35 ಇಂಚು, ಅಂದರೆ ಸುಮಾರು 84ರಿಂದ 89 ಸೆಂಟಿಮೀಟರ್. ಎತ್ತರದ ವ್ಯಕ್ತಿಗೆ ಉದ್ದ ಪಟರ್, ಕುಳ್ಳ ವ್ಯಕ್ತಿಗೆ ಗಿಡ್ಡ ಪಟರ್ ಎಂದು ತೀರ್ಮಾನಿಸುವುದು ಅರ್ಧ ಸತ್ಯ. ಆಟಗಾರ ಎಷ್ಟು ಬಾಗಿ ನಿಲ್ಲುತ್ತಾನೆ, ಅವನ ತೋಳುಗಳ ಉದ್ದವೆಷ್ಟು ಎಂಬುದರ ಮೇಲೆ ಇದು ನಿಂತಿದೆ.

ನಿಮಗೆ ಆರಾಮವೆನಿಸುವಷ್ಟು ಸೊಂಟದಿಂದ ಬಾಗಿ, ತೋಳುಗಳನ್ನು ಭುಜದಿಂದ ಸಡಿಲವಾಗಿ ಇಳಿಬಿಡಿ. ಕೈಗಳು ತಾವಾಗಿಯೇ ಸೇರುವ ಜಾಗದಲ್ಲಿ ಹಿಡಿಕೆ ಬರಬೇಕು. ಆ ಭಂಗಿಯಲ್ಲೇ ನಿಂತು ಮೂಗಿನ ಮೇಲ್ಭಾಗದಿಂದ ಒಂದು ಚೆಂಡನ್ನು ಕೆಳಗೆ ಬಿಡಿ. ಅದು ಆಟದ ಚೆಂಡಿನ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಒಳಗೆ, ನಿಮ್ಮ ಪಾದದ ಕಡೆಗೆ ಬಿದ್ದರೆ ಉದ್ದ ಸರಿಯಾಗಿದೆ. ಪಟರ್ ಉದ್ದವಾದರೆ ಆಟಗಾರ ಎದ್ದುನಿಂತು ಚೆಂಡಿನಿಂದ ದೂರ ಸರಿಯುತ್ತಾನೆ, ಕಣ್ಣು ಗುರಿಯ ಗೆರೆಯಿಂದ ಬಹಳ ಒಳಗೆ ಉಳಿಯುತ್ತದೆ. ಗಿಡ್ಡವಾದರೆ ಬೆನ್ನು ಅತಿಯಾಗಿ ಬಾಗುತ್ತದೆ. ಅಭ್ಯಾಸದ ಅವಧಿ ಹೆಚ್ಚಿದಂತೆ ಬೆನ್ನುನೋವು ಕೂಡ ಬರುತ್ತದೆ.

ಉದ್ದವಾದ ಪಟರ್ ಕೊಂಡು ಕತ್ತರಿಸಿಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. ದಂಡ ಚಿಕ್ಕದಾದಂತೆ ತಲೆ ಹಗುರವಾದಂತೆ ಕೈಗೆ ಭಾಸವಾಗುತ್ತದೆ. ಅದನ್ನು ಸರಿದೂಗಿಸಲು ತಲೆಗೆ ತೂಕ ಸೇರಿಸಬೇಕಾಗುತ್ತದೆ. ತಳದಲ್ಲಿ ಬದಲಿಸಬಹುದಾದ ತಿರುಪು ತೂಕಗಳಿರುವ ಪಟರ್ ಇದ್ದರೆ ಈ ಕೆಲಸ ಸುಲಭ. ಮಕ್ಕಳಿಗೆ ದೊಡ್ಡವರ ಪಟರ್ ಕೊಟ್ಟು ಕೆಳಗೆ ಹಿಡಿಯಲು ಹೇಳುವ ರೂಢಿಯಿದೆ. ಹೀಗೆ ಮಾಡಿದಾಗ ದಂಡದ ಮೇಲ್ತುದಿ ಹೊಟ್ಟೆಗೋ ತೋಳಿಗೋ ತಾಗಿ ಬೀಸು ಕೆಡುತ್ತದೆ. ಅಳತೆಗೆ ಕತ್ತರಿಸಿದ ಹಳೆಯ ಪಟರ್ ಇದಕ್ಕಿಂತ ಎಷ್ಟೋ ಮೇಲು.

ಮುಖದ ಓರೆ ಮತ್ತು ನಮ್ಮ ಗ್ರೀನ್‌ಗಳು

ಪಟರ್‌ನ ಮುಖ ಸಂಪೂರ್ಣ ಲಂಬವಾಗಿರುವುದಿಲ್ಲ. ಸಾಮಾನ್ಯವಾಗಿ 2ರಿಂದ 4 ಡಿಗ್ರಿಯಷ್ಟು ಹಿಂದಕ್ಕೆ ಓರೆಯಾಗಿರುತ್ತದೆ. ನಿಂತ ಚೆಂಡು ತನ್ನ ತೂಕದಿಂದ ಹುಲ್ಲಿನಲ್ಲಿ ಕೊಂಚ ಕುಸಿದಿರುತ್ತದೆ. ಅದನ್ನು ಆ ತಗ್ಗಿನಿಂದ ಮೇಲೆತ್ತಲು ಈ ಓರೆ ಬೇಕು. ಓರೆ ಹೆಚ್ಚಾದರೆ ಚೆಂಡು ಚಿಮ್ಮುತ್ತದೆ, ಕಡಿಮೆಯಾದರೆ ಹುಲ್ಲಿಗೆ ಒತ್ತಿ ಪುಟಿಯುತ್ತದೆ. ಎರಡೂ ಸಂದರ್ಭಗಳಲ್ಲಿ ದೂರದ ಅಂದಾಜು ತಪ್ಪುತ್ತದೆ. ತಾಗುವಾಗ ಕೈಗಳನ್ನು ಚೆಂಡಿಗಿಂತ ಮುಂದೆ ಒಯ್ಯುವ ಅಭ್ಯಾಸವಿರುವವರು ಓರೆಯನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ. ಅಂಥವರಿಗೆ ಸ್ವಲ್ಪ ಹೆಚ್ಚು ಓರೆಯ ಪಟರ್ ಬೇಕು.

ಟಿ.ವಿ.ಯಲ್ಲಿ ಕಾಣುವ ಗಾಜಿನಂತಹ ಗ್ರೀನ್‌ಗಳಿಗೂ ನಮ್ಮ ಮೈದಾನಗಳಿಗೂ ವ್ಯತ್ಯಾಸವಿದೆ. ದಕ್ಷಿಣ ಭಾರತದ ಹವೆಗೆ ಒಗ್ಗುವ ಬರ್ಮುಡಾ ಜಾತಿಯ ಹುಲ್ಲು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ವಾಲಿದ ಕಡೆಗೆ ಚೆಂಡು ಬೇಗ ಉರುಳುತ್ತದೆ, ಎದುರು ದಿಕ್ಕಿನಲ್ಲಿ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಹುಲ್ಲು ಒದ್ದೆಯಾಗಿ ದಟ್ಟವಾಗಿರುವುದರಿಂದ ಗ್ರೀನ್ ಮತ್ತೂ ನಿಧಾನ. ಹಿಂದಿನ ಕಾಲದಲ್ಲಿ ನೀರಿನ ಅಭಾವವಿದ್ದ ಭಾರತದ ಅನೇಕ ಮೈದಾನಗಳಲ್ಲಿ ಗ್ರೀನ್‌ಗಳೇ ಇರಲಿಲ್ಲ, ಎಣ್ಣೆ ಬೆರೆಸಿದ ಮರಳಿನ ‘ಬ್ರೌನ್’ಗಳ ಮೇಲೆ ಪಟ್ ಮಾಡುತ್ತಿದ್ದರು. ನೀವು ಹೆಚ್ಚಾಗಿ ಆಡುವ ಗ್ರೀನ್ ನಿಧಾನದ್ದಾದರೆ 3ರಿಂದ 4 ಡಿಗ್ರಿ ಓರೆಯ ಪಟರ್ ಸುರಕ್ಷಿತ ಆಯ್ಕೆ.

ತಳ ನೆಲಕ್ಕೆ ಸಮವಾಗಿ ಕೂರುತ್ತದೆಯೇ ಎಂಬುದನ್ನೂ ನೋಡಬೇಕು. ಬಹುತೇಕ ಪಟರ್‌ಗಳಲ್ಲಿ ದಂಡ ನೆಲದೊಂದಿಗೆ ಸುಮಾರು 70 ಡಿಗ್ರಿ ಕೋನದಲ್ಲಿರುತ್ತದೆ. ಹೊರತುದಿ ಎದ್ದಿದ್ದರೆ ಅಥವಾ ಒಳತುದಿ ಎದ್ದಿದ್ದರೆ ಗುರಿ ಹಿಡಿಯುವಾಗ ಕಣ್ಣು ಮೋಸಹೋಗುತ್ತದೆ. ಪರಿಣತರು ಈ ಕೋನವನ್ನು ಬಗ್ಗಿಸಿ ಸರಿಪಡಿಸಬಲ್ಲರು.

ಹಿಡಿಕೆ, ತೂಕ, ಮುಖದ ವಸ್ತು

ಪಟರ್‌ನ ಹಿಡಿಕೆ ದುಂಡಗಿರಲೇಬೇಕೆಂಬ ನಿಯಮವಿಲ್ಲ. ಹೆಬ್ಬೆರಳು ಕೂರಲು ಮುಂಭಾಗ ಚಪ್ಪಟೆಯಾಗಿರುವುದು ಸಾಮಾನ್ಯ. ದಪ್ಪ ಹಿಡಿಕೆ ಮಣಿಕಟ್ಟಿನ ಚಲನೆಯನ್ನು ತಗ್ಗಿಸುತ್ತದೆ. ಚಿಕ್ಕ ಪಟ್‌ಗಳಲ್ಲಿ ಕೈ ನಡುಗುವವರಿಗೆ, ಬಲಗೈ ಜೋರು ಮಾಡುವವರಿಗೆ ಇದು ಸಹಕಾರಿ. ತೆಳು ಹಿಡಿಕೆಯಲ್ಲಿ ದೂರದ ಪಟ್‌ಗಳ ಅಂದಾಜು ಉತ್ತಮವಾಗಿರುತ್ತದೆ ಎಂಬುದು ಹಲವರ ಅನುಭವ. ಹಿಡಿಕೆ ಬದಲಿಸುವುದು ಹೊಸ ಪಟರ್ ಕೊಳ್ಳುವುದಕ್ಕಿಂತ ಬಹಳ ಅಗ್ಗ. ಆದುದರಿಂದ ಮೊದಲ ಪ್ರಯೋಗ ಅಲ್ಲಿಂದಲೇ ಆರಂಭವಾಗಲಿ.

ತಲೆಯ ತೂಕ ಸಾಮಾನ್ಯವಾಗಿ 340ರಿಂದ 370 ಗ್ರಾಂ ಆಸುಪಾಸಿನಲ್ಲಿರುತ್ತದೆ. ಮುಖ ಪೂರ್ತಿ ಉಕ್ಕಿನದಾದರೆ ಸದ್ದು ಮತ್ತು ಸ್ಪರ್ಶ ಗಟ್ಟಿ. ಮೃದುವಾದ ಪಾಲಿಮರ್ ತುಣುಕನ್ನು ಕೂರಿಸಿದ ಮುಖದಲ್ಲಿ ಸದ್ದು ಮೆತ್ತಗೆ. ಮುಖದ ಮೇಲಿನ ಗೀರುಗಳು ಚೆಂಡು ಜಾರುವುದನ್ನು ಕಡಿಮೆ ಮಾಡಿ ಬೇಗ ಉರುಳುವಂತೆ ಮಾಡುತ್ತವೆ ಎಂದು ತಯಾರಕರು ಹೇಳುತ್ತಾರೆ. ಗ್ರಾಹಕನು ಇದನ್ನು ಜಾಹೀರಾತಿನಿಂದಲ್ಲ, ತಾನು ಆಡುವ ಚೆಂಡನ್ನೇ ಒಯ್ದು ಹೊಡೆದು ನೋಡಿ ನಿರ್ಧರಿಸಬೇಕು. ಗಟ್ಟಿ ಚೆಂಡಿಗೂ ಮೆತ್ತನೆಯ ಚೆಂಡಿಗೂ ಒಂದೇ ಪಟರ್ ಬೇರೆ ಬೇರೆಯಾಗಿ ಸ್ಪಂದಿಸುತ್ತದೆ.

ನಿಯಮ ಏನನ್ನುತ್ತದೆ?

ಪಟರ್‌ನ ಇತಿಹಾಸದಲ್ಲಿ ವಿವಾದಗಳಿಗೆ ಕೊರತೆಯಿಲ್ಲ. 1904ರಲ್ಲಿ ಅಮೆರಿಕದ ವಾಲ್ಟರ್ ಟ್ರಾವಿಸ್ ದಂಡವನ್ನು ತಲೆಯ ಮಧ್ಯಕ್ಕೆ ಜೋಡಿಸಿದ ‘ಸ್ಕೆನೆಕ್ಟಡಿ’ ಪಟರ್ ಹಿಡಿದು ಬ್ರಿಟಿಷ್ ಅಮೆಚೂರ್ ಪ್ರಶಸ್ತಿ ಗೆದ್ದರು. 1910ರಲ್ಲಿ ಬ್ರಿಟನ್‌ನಲ್ಲಿ ಅಂಥ ಪಟರ್‌ಗಳಿಗೆ ನಿಷೇಧ ಬಿತ್ತು. ಅದು ತೆರವಾದದ್ದು 1950ರ ದಶಕದ ಆರಂಭದಲ್ಲಿ.

ನಮ್ಮ ಕಾಲದ ವಿವಾದ ಉದ್ದ ಪಟರ್‌ನದು. 2016ರ ಜನವರಿ 1ರಿಂದ ಪಟರ್‌ನ ತುದಿಯನ್ನು ಹೊಟ್ಟೆಗೋ ಎದೆಗೋ ಊರಿ ಬೀಸುವುದು ನಿಷಿದ್ಧ. ಗಮನಿಸಬೇಕಾದ ಅಂಶವೆಂದರೆ ನಿಷೇಧ ಇರುವುದು ಊರುವುದಕ್ಕೆ, ಉದ್ದ ಪಟರ್‌ಗಲ್ಲ. ಮೈಗೆ ತಾಗಿಸದೆ ಅದನ್ನು ಬಳಸಬಹುದು. ಮುಂಗೈಗೆ ಒರಗಿಸಿ ಹಿಡಿಯುವ ರೀತಿಗೂ ಅನುಮತಿ ಇದೆ. ಇತರ ಕ್ಲಬ್‌ಗಳು 48 ಇಂಚು ಮೀರುವಂತಿಲ್ಲ, ಪಟರ್‌ಗೆ ಮಾತ್ರ ಈ ಮಿತಿ ಅನ್ವಯಿಸದು. ಕನಿಷ್ಠ ಉದ್ದ 18 ಇಂಚು ಇರಲೇಬೇಕು. ಮುಖದ ಓರೆ 10 ಡಿಗ್ರಿ ಮೀರಬಾರದು.

ಚೀಲದಲ್ಲಿ ಒಟ್ಟು 14 ಕ್ಲಬ್‌ಗಳಿಗೆ ಮಾತ್ರ ಅವಕಾಶ. ಹಳೆಯ ಪಟರ್‌ನೊಂದಿಗೆ ಹೊಸದನ್ನೂ ಒಯ್ಯುವವರು ಎಣಿಕೆ ತಪ್ಪಿದರೆ ತಪ್ಪಿದ ಪ್ರತಿ ಕುಳಿಗೆ ಎರಡು ಹೊಡೆತಗಳಂತೆ ಸುತ್ತಿಗೆ ಗರಿಷ್ಠ ನಾಲ್ಕು ಹೊಡೆತಗಳ ದಂಡ ತೆರಬೇಕಾಗುತ್ತದೆ. ತಿರುಪು ತೂಕಗಳನ್ನು ಆಟದ ನಡುವೆ ಬದಲಿಸುವಂತಿಲ್ಲ. 2023ರ ನಿಯಮಾವಳಿಯಂತೆ ಆಟದ ವೇಳೆ ಆಕಸ್ಮಿಕವಾಗಿ ಹಾಳಾದ ಪಟರ್‌ಗೆ ಬದಲಿ ಪಡೆಯಬಹುದು. ಸಿಟ್ಟಿನಿಂದ ನೆಲಕ್ಕೆ ಬಡಿದು ಬಗ್ಗಿಸಿಕೊಂಡವರಿಗೆ ಈ ರಿಯಾಯಿತಿ ಇಲ್ಲ.

ಕೊಳ್ಳುವ ಮುನ್ನ ಒಂದು ಗಂಟೆ

ಅಂಗಡಿಯ ಕೃತಕ ಹಾಸಿನ ಮೇಲೆ ಎಲ್ಲ ಪಟರ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಕ್ಲಬ್‌ನ ಅಭ್ಯಾಸದ ಗ್ರೀನ್ ಮೇಲೆ, ಸ್ನೇಹಿತರ ಪಟರ್‌ಗಳನ್ನಾದರೂ ಪಡೆದು ಹೋಲಿಸಿ ನೋಡಿ. ಮೊದಲು ನಿಮ್ಮ ಹಳೆಯ ಪಟರ್‌ನಿಂದಲೇ 3 ಅಡಿ, 10 ಅಡಿ ಮತ್ತು 30 ಅಡಿಗಳಿಂದ ಹತ್ತು ಹತ್ತು ಚೆಂಡು ಹೊಡೆಯಿರಿ. ಎಷ್ಟು ಬಿದ್ದವು ಎಂಬುದರ ಜೊತೆಗೆ ತಪ್ಪಿದವು ಎಡಕ್ಕೆ ಹೋದವೇ, ಬಲಕ್ಕೆ ಹೋದವೇ, ಮೊದಲೇ ನಿಂತವೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಬಳಿಕ ಹೊಸ ಪಟರ್‌ನಿಂದ ಅದನ್ನೇ ಪುನರಾವರ್ತಿಸಿ. ಒಂದೇ ದಿನದ ಫಲವನ್ನು ನಂಬದೆ ಬೇರೆ ದಿನ ಮತ್ತೊಮ್ಮೆ ಮಾಡಿ.

ತಪ್ಪುಗಳು ಒಂದೇ ಕಡೆಗಿದ್ದರೆ ಗುರಿ ಅಥವಾ ಮುಖದ ಸಮಸ್ಯೆ ಇರಬಹುದು. ತಲೆಯ ಆಕಾರ, ಗೆರೆ, ಜೋಡಣೆ ಬದಲಾದರೆ ಪ್ರಯೋಜನವಾದೀತು. 30 ಅಡಿಯಲ್ಲಿ ಚೆಂಡು ಒಮ್ಮೆ ದೂರ, ಒಮ್ಮೆ ಹತ್ತಿರ ನಿಲ್ಲುತ್ತಿದ್ದರೆ ತೂಕ ಅಥವಾ ಹಿಡಿಕೆಯತ್ತ ನೋಡಬೇಕು. ತಪ್ಪುಗಳಿಗೆ ಯಾವ ಕ್ರಮವೂ ಇಲ್ಲದಿದ್ದರೆ ದೋಷ ಪಟರ್‌ನದಲ್ಲ, ಅಭ್ಯಾಸದ್ದು. ಆಗ ಹಣ ಉಳಿಸಿ ತರಬೇತುದಾರರ ಬಳಿ ಹೋಗುವುದು ಲೇಸು.

ನಿರೀಕ್ಷೆಯೂ ಮಿತಿಯಲ್ಲಿರಲಿ. ಅಮೆರಿಕದ ವೃತ್ತಿಪರ ಟೂರ್‌ನ ಆಟಗಾರರೇ 8 ಅಡಿಯಿಂದ ಸುಮಾರು ಅರ್ಧದಷ್ಟು ಪಟ್‌ಗಳನ್ನು ಮಾತ್ರ ಹಾಕುತ್ತಾರೆ. 20 ಅಡಿಯಿಂದ ಆರೇಳು ಪಟ್‌ಗಳಲ್ಲಿ ಒಂದು ಬಿದ್ದರೆ ಅದೇ ಹೆಚ್ಚು. ಹೀಗಿರುವಾಗ ವಾರಕ್ಕೊಮ್ಮೆ ಆಡುವವರು 10 ಅಡಿಯ ಪಟ್ ತಪ್ಪಿತೆಂದು ಪಟರ್ ಬದಲಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಹೊಸ ಪಟರ್ ನಿಜಕ್ಕೂ ಲಾಭ ತರಬಲ್ಲದ್ದು ಎರಡು ಕಡೆ: 6 ಅಡಿಯೊಳಗಿನ ಪಟ್‌ಗಳು ತಪ್ಪದಿರುವುದು ಮತ್ತು ದೂರದ ಮೊದಲ ಪಟ್ ಕುಳಿಯ ಸಮೀಪ ನಿಲ್ಲುವುದು.

ಬಿಡದಿ ಸಮೀಪದ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದ ಚಿಕ್ಕರಂಗಪ್ಪ ಅವರಂಥವರ ಉದಾಹರಣೆ ನಮ್ಮ ಮುಂದಿದೆ. ದುಬಾರಿ ಸಾಧನವೇ ಆಟಗಾರನನ್ನು ರೂಪಿಸುವುದಾಗಿದ್ದರೆ ಇಂಥವರು ಬೆಳಕಿಗೆ ಬರುತ್ತಲೇ ಇರಲಿಲ್ಲ. ಅಳತೆಗೆ ಒಪ್ಪುವ, ಕಣ್ಣಿಗೆ ನೇರವೆನಿಸುವ, ಕೈಗೆ ನಂಬಿಕೆ ಕೊಡುವ ಪಟರ್ ಹಳೆಯದಾದರೂ ಸರಿ. ಅದನ್ನು ಆರಿಸಿಕೊಂಡ ಮೇಲೆ ಕನಿಷ್ಠ ಕೆಲವು ತಿಂಗಳು ಬದಲಿಸದಿರುವುದೇ ಆಯ್ಕೆಯ ಕೊನೆಯ ಹಂತ.

ನೆನಪಿಡಿ

* ಮೊದಲು ಉದ್ದ, ಬಳಿಕ ಸಮತೋಲ, ಆಮೇಲೆ ಆಕಾರ. ಬ್ರಾಂಡ್ ಕೊನೆಗೆ.
* ಬೆರಳ ಮೇಲೆ ತೂಗಿಸಿ ನೋಡಿ. ಬೀಸಿನ ರೀತಿಯೊಂದಿಗೆ ಹೋಲಿಸಿ.
* ನಿಧಾನಗತಿಯ ಗ್ರೀನ್‌ಗಳಿಗೆ 3ರಿಂದ 4 ಡಿಗ್ರಿ ಓರೆ ಸೂಕ್ತ.
* ನೀವು ಆಡುವ ಚೆಂಡಿನಿಂದಲೇ ಪರೀಕ್ಷಿಸಿ, ಫಲಿತಾಂಶ ಬರೆದಿಡಿ.
* ಹೊಸದನ್ನು ಕೊಳ್ಳುವ ಮುನ್ನ ಹಳೆಯದರ ಹಿಡಿಕೆ ಬದಲಿಸಿ ನೋಡಿ.
* ಹೊಸ ಪಟರ್ ಸೇರಿದ ಮೇಲೆ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.